ರೆಂಡ್ಜಿನಾ: ಸುಣ್ಣಕಲ್ಲಿನ ಬೆಟ್ಟದ ಮೇಲಿನ ಗೇಣು ಮಣ್ಣು

ಕಡಿದಾದ ಸುಣ್ಣಕಲ್ಲಿನ ಬೆಟ್ಟ, ಅದರ ಮೇಲೆ ದಟ್ಟ ಕಾಡು. ತರಗೆಲೆ ಸರಿಸಿ ಕೈ ಹಾಕಿದರೆ ಕಪ್ಪಗಿನ, ಪುಡಿಪುಡಿಯಾದ ಮಣ್ಣು ಸಿಗುತ್ತದೆ. ಅದರ ತುಂಬ ಚೂಪು ಅಂಚಿನ ಕಲ್ಲಿನ ಚೂರುಗಳು. ಇನ್ನೊಂದು ಗೇಣು ಅಗೆಯುವುದರೊಳಗೆ ಗುದ್ದಲಿ ಬಂಡೆಗೆ ಠಣ್ ಅನ್ನುತ್ತದೆ. ಇಂಥ ಮಣ್ಣಿಗೆ ರೆಂಡ್ಜಿನಾ ಎಂದು ಹೆಸರು. ಪೋಲೆಂಡಿನ ರೈತರ ಮಾತಿನಿಂದ ಮಣ್ಣಿನ ವಿಜ್ಞಾನಕ್ಕೆ ಬಂದ ಪದ ಇದು.

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಈ ಮಣ್ಣಿನ ಪರಿಚಯ ಇರುವುದು ಕಮ್ಮಿ. ನಮ್ಮ ಊರು ನಿಂತಿರುವುದು ನೈಸ್ ಎಂಬ ಶಿಲೆಯ ಮೇಲೆ. ಲಾಲ್‌ಬಾಗಿನ ಬಂಡೆ ಅದೇ. ಸುಮಾರು 300 ಕೋಟಿ ವರ್ಷ ಹಳೆಯದು. ಈ ಕಲ್ಲು ಹೇಗೆ ಮಣ್ಣಾಗುತ್ತದೆ ಅಂತ ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಎಲ್ಲಾದರೂ ಅಪಾರ್ಟ್‌ಮೆಂಟಿಗೆ ಪಾಯ ತೆಗೆಯುತ್ತಿದ್ದರೆ ತಗಡಿನ ಬೇಲಿಯ ಸಂದಿಯಲ್ಲಿ ಇಣುಕಿ. ಮೇಲೆ ಆಳಕ್ಕೆ ಕೆಂಪು ಮಣ್ಣು. ಅದರ ಕೆಳಗೆ ಬಿಳಿ, ಹಳದಿ ಮಚ್ಚೆಗಳ ಮೆತ್ತನೆ ಕಲ್ಲು, ಬೆರಳಲ್ಲಿ ಒತ್ತಿದರೆ ಉದುರುತ್ತದೆ. ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಕಲ್ಲು ಇದ್ದ ಜಾಗದಲ್ಲೇ ಕೊಳೆತು ಮಣ್ಣಾಗಿದೆ. ಅದರೊಳಗಿನ ಕೆಲವು ಖನಿಜಗಳು ಜೇಡಿಯಾಗುತ್ತವೆ, ಕ್ವಾರ್ಟ್ಸ್ ಮರಳಾಗಿ ಉಳಿಯುತ್ತದೆ, ಕಬ್ಬಿಣ ತುಕ್ಕು ಹಿಡಿದು ಕೆಂಪು ಬಣ್ಣ ಕೊಡುತ್ತದೆ. ಕಲ್ಲಿನ ಬಹುಪಾಲು ಮಣ್ಣಿಗೆ ಸೇರುತ್ತದೆ.

ಸುಣ್ಣಕಲ್ಲಿನ ದಾರಿಯೇ ಬೇರೆ. ಅದು ಕರಗಿ ಹೋಗುತ್ತದೆ.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಹಳೆಯ ಮನೆಗಳ ಕಟ್ಟೆಗೆ, ಶೆಲ್ಫಿಗೆ ಹಾಕಿರುವ ಕಡಪಾ ಕಲ್ಲು ಸುಣ್ಣಕಲ್ಲಿನ ಜಾತಿಯದ್ದು. ಅದರ ಮೇಲೆ ನಿಂಬೆಹೋಳು ಇಟ್ಟು ಮರೆತರೆ ಬೆಳಗಾಗುವಷ್ಟರಲ್ಲಿ ಮಂಕಾದ ಕಲೆ ಬಿದ್ದಿರುತ್ತದೆ. ಎಷ್ಟು ಉಜ್ಜಿದರೂ ಆ ಕಲೆ ಹೋಗುವುದಿಲ್ಲ. ಹೇಗೆ ಹೋದೀತು? ಅಲ್ಲಿ ಅಂಟಿರುವುದು ಏನೂ ಇಲ್ಲ, ಕಲ್ಲಿನ ಮೇಲ್ಪದರವೇ ಹುಳಿಗೆ ಕರಗಿ ಹೋಗಿದೆ. ಮುರಿದ ಅಂಚಿಗೆ ವಿನೆಗರ್ ಬಿಟ್ಟು ಕಣ್ಣು ಹತ್ತಿರ ತಂದು ನೋಡಿ, ಸಣ್ಣಸಣ್ಣ ಗುಳ್ಳೆ ಏಳುತ್ತವೆ. ಪಕ್ಕದ ಗ್ರಾನೈಟ್ ಮೇಲೆ ಅದೇ ವಿನೆಗರ್ ಸುಮ್ನೆ ನಿಂತಿರುತ್ತದೆ. ಮಣ್ಣು ಸರ್ವೆ ಮಾಡುವವರೂ ಇದನ್ನೇ ಮಾಡುತ್ತಾರೆ. ಚೀಲದಲ್ಲಿ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿ ಇರುತ್ತದೆ. ಒಂದು ಹನಿ ಬಿದ್ದಾಗ ಮಣ್ಣು ಬುಸ್ಸೆಂದರೆ ಅದರಲ್ಲಿ ಸುಣ್ಣವಿದೆ ಎಂದರ್ಥ.

ಬೆಟ್ಟದ ಮೇಲೆ ಈ ಕೆಲಸ ಮಾಡುವುದು ಮಳೆನೀರು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಮಳೆನೀರು ಮೊದಲೇ ಸ್ವಲ್ಪ ಹುಳಿಯಾಗಿರುತ್ತದೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವ ಮಣ್ಣಿನ ಮೂಲಕ ಇಳಿಯುವಾಗ ಹುಳಿ ಇನ್ನೂ ಜಾಸ್ತಿಯಾಗುತ್ತದೆ. ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್ ಬೈಕಾರ್ಬೊನೇಟ್ ಆಗಿ ನೀರಿನಲ್ಲಿ ಕರಗಿ, ಬಿರುಕುಗಳಲ್ಲಿ ಇಳಿದು, ತೊರೆ ಸೇರಿಬಿಡುತ್ತದೆ. ಮಣ್ಣಾಗಲು ಉಳಿಯುವುದು ಕಲ್ಲಿನೊಳಗಿದ್ದ ಕಸರು ಮಾತ್ರ: ಒಂದಿಷ್ಟು ಜೇಡಿ, ಒಂದಿಷ್ಟು ಕಬ್ಬಿಣ, ಚೂರು ಮರಳು.

ಲೆಕ್ಕ ಹಾಕಿದರೆ ಇದರ ತೂಕ ಗೊತ್ತಾಗುತ್ತದೆ. ಶೇಕಡಾ 98ರಷ್ಟು ಶುದ್ಧವಾದ ಸುಣ್ಣಕಲ್ಲು 1 ಮೀಟರ್ ದಪ್ಪ ಪೂರ್ತಿ ಕರಗಿದರೆ ಉಳಿಯುವುದು ತೂಕದಲ್ಲಿ ಶೇಕಡಾ 2. ಮಣ್ಣು ಕಲ್ಲಿಗಿಂತ ಸಡಿಲವಾದ್ದರಿಂದ ಅದರ ದಪ್ಪ ಸುಮಾರು 4 ಸೆಂಟಿಮೀಟರ್. ಮಳೆ ಚೆನ್ನಾಗಿ ಬರುವ ಕಡೆಯಲ್ಲೂ ಸುಣ್ಣಕಲ್ಲು ಕರಗುವುದು ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಅಂದರೆ ಎರಡು ಬೆರಳ ದಪ್ಪದ ಮಣ್ಣಿಗೆ ಹತ್ತಾರು ಸಾವಿರ ವರ್ಷ ಬೇಕು. ಅಷ್ಟೂ ಕಾಲ ಅದು ಕಡಿದಾದ ಇಳಿಜಾರಿನಲ್ಲಿ ಜಾರದೆ ನಿಂತಿರಬೇಕು. ರೆಂಡ್ಜಿನಾ ಎಂಬ ಪದ ಕೇಳಿದಾಗ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ್ದು ಇದೇ ಎಂದು ನನಗೆ ಅನ್ನಿಸುತ್ತದೆ. ಉಳಿದ ಗುಣಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಗರಸನ್ನೇ ತೆಗೆದುಕೊಳ್ಳಿ. ಮಣ್ಣಿನವರ ಲೆಕ್ಕದಲ್ಲಿ 2 ಮಿಲಿಮೀಟರಿಗಿಂತ ದೊಡ್ಡದೆಲ್ಲ ಕಲ್ಲು, ಚಿಕ್ಕದು ಮಾತ್ರ ಮಣ್ಣು. ಇಳಿಜಾರಿನಲ್ಲಿ ಬೇರು ಬಂಡೆಯ ಸೀಳಿಗೆ ಇಳಿದು ದಪ್ಪವಾಗುತ್ತ ಚೂರು ಎಬ್ಬಿಸುತ್ತದೆ. ಚಳಿ ದೇಶಗಳಲ್ಲಿ ಸೀಳಿನ ನೀರು ಹೆಪ್ಪುಗಟ್ಟಿ ಕಲ್ಲನ್ನು ಒಡೆಯುತ್ತದೆ. ಮೇಲಿನಿಂದ ಉರುಳಿದ್ದೂ ಬಂದು ಸೇರುತ್ತದೆ. ಹೊಳೆಯ ಕಲ್ಲಿನ ಹಾಗೆ ಇವು ನುಣುಪಲ್ಲ. ಹೊಸದಾಗಿ ಒಡೆದದ್ದಕ್ಕೆ ಅಂಚು ಚೂಪು. ಬಹಳ ಕಾಲ ಮಣ್ಣಿನಲ್ಲಿ ಹೂತಿದ್ದರ ಮೇಲೆ ಹುಳು ಕೊರೆದ ಹಾಗೆ ಸಣ್ಣ ಗುಳಿಗಳು, ಅದೂ ಕರಗುವಿಕೆಯ ಗುರುತೇ. ಈ ಕಲ್ಲುಗಳಿಂದ ಲಾಭವೂ ಇದೆ. ಮೇಲೆ ಹರಡಿದ ಗರಸು ಮಳೆಹನಿಯ ಪೆಟ್ಟು ತಡೆಯುತ್ತದೆ. ನೀರು ಹಿಡಿದಿಡುವ ಮಣ್ಣಿನ ಪ್ರಮಾಣ ಮಾತ್ರ ಅಷ್ಟು ಕಮ್ಮಿಯಾಗುತ್ತದೆ.

ಇಷ್ಟು ತೆಳು, ಇಷ್ಟು ಕಲ್ಲು. ಆದರೂ ಮಣ್ಣು ಬಡವಾಗಿಲ್ಲ. ಕ್ಯಾಲ್ಸಿಯಂ ಕೊಳೆತ ಎಲೆಯ ಸಾರವನ್ನು ಜೇಡಿಗೆ ಗಟ್ಟಿಯಾಗಿ ಬೆಸೆಯುತ್ತದೆ. ಅದಕ್ಕೇ ಮಣ್ಣು ಕಪ್ಪಗಿರುವುದು, ಅವಲಕ್ಕಿ ಉಸುಳಿಯ ಹಾಗೆ ಬಿಡಿಬಿಡಿಯಾಗಿ ಉದುರುವುದು. ಎರೆಹುಳುಗಳಿಗೆ ಹುಳಿ ಮಣ್ಣು ಒಗ್ಗುವುದು ಕಷ್ಟ. ಇಲ್ಲಿ ಅವು ಚೆನ್ನಾಗಿ ಬದುಕುತ್ತವೆ, ಎಲೆ ಎಳೆದುಕೊಂಡು ತಿಂದು ಮಣ್ಣನ್ನು ಇನ್ನೂ ಮೃದು ಮಾಡುತ್ತವೆ.

ಆದರೆ ಎಲ್ಲ ಗಿಡಕ್ಕೂ ಈ ಊಟ ಒಗ್ಗುವುದಿಲ್ಲ. ಸುಣ್ಣ ಜಾಸ್ತಿ ಇದ್ದ ಕಡೆ ಕಬ್ಬಿಣ, ರಂಜಕ ಮಣ್ಣಿನಲ್ಲಿ ಇದ್ದರೂ ಬೇರಿಗೆ ಸಿಗದ ರೂಪದಲ್ಲಿ ಕೂತುಬಿಡುತ್ತವೆ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಬೋರ್‌ವೆಲ್ಲಿನ ಗಡಸು ನೀರು ಹಾಕಿ ಹಾಕಿ ತಾರಸಿಯ ಕುಂಡದಲ್ಲಿ ಇದನ್ನು ನೋಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಅಲ್ವಾ? ಟೀ ಗಿಡದಂಥ ಹುಳಿ ಮಣ್ಣಿನ ಗಿಡಗಳಿಗೆ ರೆಂಡ್ಜಿನಾ ಆಗಿಬರುವುದಿಲ್ಲ. ಯೂರೋಪಿನ ಸುಣ್ಣಕಲ್ಲಿನ ಬೆಟ್ಟಗಳ ಬೀಚ್ ಮರ, ಯೂ ಮರ ಇದರಲ್ಲೇ ಹುಲುಸಾಗಿ ನಿಲ್ಲುತ್ತವೆ. ಗೇಣು ಮಣ್ಣಿನಲ್ಲಿ ಅಷ್ಟು ದೊಡ್ಡ ಮರ ಹೇಗೆ ನಿಂತೀತು ಎಂದರೆ, ಮರ ಮೇಲಿನ ಮಣ್ಣಿನಿಂದ ಆಹಾರ ತೆಗೆದುಕೊಳ್ಳುತ್ತದೆ. ನೀರಿಗೂ ಹಿಡಿತಕ್ಕೂ ಕೆಲವು ಬೇರುಗಳನ್ನು ಬಂಡೆಯ ಬಿರುಕಿನೊಳಗೆ ಆಳಕ್ಕೆ ಕಳಿಸುತ್ತದೆ.

ಕಪ್ಪು ಮಣ್ಣು, ಸುಣ್ಣ ಬೇರೆ ಇದೆ ಎಂದಾಗ ಉತ್ತರ ಕರ್ನಾಟಕದ ಎರೆ ಮಣ್ಣು ನೆನಪಾಗುವುದು ಸಹಜ. ಅದರಲ್ಲೂ ಸುಣ್ಣದ ಹರಳು ಸಿಗುತ್ತವೆ. ಆದರೆ ಎರೆ ಆಳವಾದ ಜೇಡಿ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬಿ ಅಂಟುತ್ತದೆ. ರೆಂಡ್ಜಿನಾ ಬಿರಿಯುವುದೂ ಇಲ್ಲ, ಹಾಗೆ ಅಂಟುವುದೂ ಇಲ್ಲ. ಮೆಡಿಟರೇನಿಯನ್ ಕಡೆ ಸುಣ್ಣಕಲ್ಲಿನ ಮೇಲೆಯೇ ಕೆಂಪು ಮಣ್ಣು ಕಾಣುತ್ತದೆ, ಅದಕ್ಕೆ ಟೆರ್ರಾ ರೊಸ್ಸಾ ಎನ್ನುತ್ತಾರೆ. ಅದು ಬೇರೆ ಮಣ್ಣು, ಅದರ ಕಥೆ ಇಲ್ಲಿ ಬೇಡ. ಮಣ್ಣಿನ ನಕ್ಷೆ ನೋಡುವವರಿಗೆ ಒಂದು ಮಾತು: ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಇದು ಹೆಚ್ಚಾಗಿ ರೆಂಡ್ಜಿಕ್ ಲೆಪ್ಟೋಸಾಲ್, ಅಮೆರಿಕದ ವರ್ಗೀಕರಣದಲ್ಲಿ ರೆಂಡಾಲ್. ಲೆಪ್ಟೋಸಾಲ್ ಎನ್ನಲು ಇರುವ ಒಂದು ಅಳತೆ, 25 ಸೆಂಟಿಮೀಟರಿನೊಳಗೆ ಬಂಡೆ ಸಿಗಬೇಕು. ಹೆಚ್ಚುಕಮ್ಮಿ ನಮ್ಮ ಗೇಣು.

ನಮ್ಮ ರಾಜ್ಯದಲ್ಲಿ ಸುಣ್ಣಕಲ್ಲು ಇಲ್ಲದೇ ಇಲ್ಲ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಅದೇ, ಆದರೆ ಅಲ್ಲಿ ನೆಲ ಬಹುಮಟ್ಟಿಗೆ ಸಪಾಟು. ಸುಣ್ಣಕಲ್ಲು, ಕಡಿದಾದ ಇಳಿಜಾರು, ಕಾಡು ಮೂರನ್ನೂ ಒಟ್ಟಿಗೆ ನೋಡಬೇಕಾದರೆ ಕುಮಟಾ ತಾಲ್ಲೂಕಿನ ಯಾಣಕ್ಕೆ ಹೋಗಬೇಕು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ ಅನ್ನುವ ಕಾಲ ಹೋಯಿತು. ಈಗ ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಸ್ಸುಗಟ್ಟಲೆ ಜನ ಹೋಗುತ್ತಾರೆ. ಹೋದಾಗ ಕತ್ತೆತ್ತಿ ಶಿಖರ ನೋಡುವುದರ ಜೊತೆಗೆ, ಬಂಡೆಯ ಸಂದಿಗಳಲ್ಲಿ ಮಣ್ಣು ಎಷ್ಟು ತೆಳುವಾಗಿ ಕೂತಿದೆ, ಅದನ್ನು ಯಾವ ಬೇರು ಹಿಡಿದಿದೆ ಎಂದೂ ನೋಡಿ. ಮೆಟ್ಟಿಲು ಬಿಟ್ಟು ಅಡ್ಡದಾರಿ ಹಿಡಿದ ಒಂದೊಂದು ಕಾಲೂ ಆ ಮಣ್ಣನ್ನು ಕೆಳಗೆ ತಳ್ಳುತ್ತದೆ.

ಕಾಡು ಹೋದರೆ ಏನಾಗುತ್ತದೆ ಎಂಬುದಕ್ಕೆ ಎರಡು ದೊಡ್ಡ ಸಾಕ್ಷಿಗಳಿವೆ. ಚೀನಾದ ನೈಋತ್ಯದ ಗುಯಿಜೌ, ಗುವಾಂಗ್‌ಶಿ, ಯುನ್ನಾನ್ ಪ್ರಾಂತ್ಯಗಳಲ್ಲಿ ಸುಣ್ಣಕಲ್ಲಿನ ಬೆಟ್ಟಗಳ ಕಾಡು ಕಡಿದು ಇಳಿಜಾರಿನಲ್ಲಿ ಬೇಸಾಯ ಮಾಡಿದರು. ಮಣ್ಣು ಒಂದಷ್ಟು ಹಳ್ಳಕ್ಕೆ ಕೊಚ್ಚಿಹೋಯಿತು, ಒಂದಷ್ಟು ಬಂಡೆಯ ಬಿರುಕಿನೊಳಗೇ ಇಳಿದು ಮಾಯವಾಯಿತು. ಮಳೆ ಧಾರಾಳವಾಗಿ ಬರುವ ಸೀಮೆ ಬರೀ ಕಲ್ಲಾಗಿ ನಿಂತಿತು. ಅಲ್ಲಿ ಇದನ್ನು ಕಲ್ಲು ಮರುಭೂಮಿ ಎಂದೇ ಕರೆಯುತ್ತಾರೆ.

ಇನ್ನೊಂದು, ಸ್ಲೊವೇನಿಯಾ ಮತ್ತು ಇಟಲಿಯ ಗಡಿಯ ಕ್ರಾಸ್ ಪ್ರದೇಶ. ಶತಮಾನಗಳ ಕಾಲ ಮರ ಕಡಿದು, ಕುರಿ ಮೇಯಿಸಿ ಅದು ಬೋಳಾಗಿತ್ತು. 19ನೇ ಶತಮಾನದಲ್ಲಿ ಅಲ್ಲಿ ಮತ್ತೆ ಕಾಡು ಬೆಳೆಸಲು ಹೊರಟಾಗ ಹಳೆಯ ಮರಗಳು ಹಿಡಿಯಲಿಲ್ಲ, ಮಣ್ಣೇ ಉಳಿದಿರಲಿಲ್ಲ. ಬರ ತಡೆಯುವ ಕಪ್ಪು ಪೈನ್ ತಂದು ನೆಟ್ಟರು. ಅದು ಹಿಡಿಯಿತು. ಈಗ ಆ ಪೈನ್ ಮರಗಳ ನೆರಳಿನಲ್ಲಿ ಅಲ್ಲಿನ ಹಳೆಯ ಅಗಲ ಎಲೆಯ ಮರಗಳು ತಾವಾಗಿಯೇ ಮೊಳೆತು ಬರುತ್ತಿವೆ.