ಹಸಿರು ದೀಪ ಹತ್ತಿದರೂ ಬಾರ್ ಎಳೆದು ನೋಡಿ: ಹೊಸ ರೈಡ್ ಆಪರೇಟರ್‌ಗಳಿಗೆ

ಬೆಂಗಳೂರಿನ ಸುತ್ತ ರೈಡ್ ಆಪರೇಟರ್ ಕೆಲಸ ಎರಡು ಬಗೆಯದು. ಒಂದು, ಬಿಡದಿ ಹತ್ತಿರ 2005ರಲ್ಲಿ ಶುರುವಾದ ವಂಡರ್‌ಲಾದಂಥ ಕಾಯಂ ಪಾರ್ಕಿನಲ್ಲಿ. ಇನ್ನೊಂದು, ಪರಿಷೆ, ಜಾತ್ರೆ, ವಸ್ತುಪ್ರದರ್ಶನಗಳಿಗೆ ಲಾರಿಯಲ್ಲಿ ಬಂದು ಕೆಲವು ದಿನ ನಿಂತು ಹೋಗುವ ಜೈಂಟ್ ವೀಲ್, ದೋಣಿಯಂತೆ ತೂಗುವ ಕೊಲಂಬಸ್‌ಗಳಲ್ಲಿ. ಮೊದಲನೆಯದರಲ್ಲಿ ಕಂಪ್ಯೂಟರ್ ಜೊತೆಗಿರುತ್ತದೆ, ಎರಡನೆಯದರಲ್ಲಿ ಬಹುಪಾಲು ಕಣ್ಣು, ಕಿವಿ, ಕೈಗಳೇ ಕಾಯಬೇಕು. ಎರಡಕ್ಕೂ ಹೊಂದುವ ಒಂದು ಮಾತನ್ನು ಮೊದಲ ದಿನವೇ ಮನಸ್ಸಿಗೆ ಹಾಕಿಕೊಳ್ಳಿ: ಯಂತ್ರ ‘ಬೇಡ’ ಅಂದರೆ ನಂಬಿ, ‘ಸರಿ’ ಅಂದರೆ ಕೈಯಿಂದ ಪರೀಕ್ಷಿಸಿ.

ಇದು ಸುಮ್ಮನೆ ಹೇಳುವ ಮಾತಲ್ಲ. 2022ರ ಮಾರ್ಚ್ 24ರಂದು ಅಮೆರಿಕದ ಒರ್ಲ್ಯಾಂಡೊದಲ್ಲಿ ಜನರನ್ನು ಮೇಲಕ್ಕೊಯ್ದು ಒಮ್ಮೆಲೇ ಕೆಳಕ್ಕೆ ಬಿಡುವ ಎತ್ತರದ ಡ್ರಾಪ್ ಟವರ್‌ನಿಂದ 14 ವರ್ಷದ ಬಾಲಕನೊಬ್ಬ ಜಾರಿ ಬಿದ್ದು ತೀರಿಕೊಂಡ. ಅವನು ಕೂತಿದ್ದ ಸೀಟಿನ ಸೆನ್ಸರ್ ಅನ್ನು ಕೈಯಿಂದ ಹೊಂದಿಸಿ, ಭುಜದ ಮೇಲಿಂದ ಬರುವ ಹಾರ್ನೆಸ್ ಪೂರ್ತಿ ಇಳಿಯದಿದ್ದರೂ ‘ಲಾಕ್ ಆಗಿದೆ’ ಎಂದು ತೋರಿಸುವಂತೆ ಮಾಡಲಾಗಿತ್ತು. ದೀಪ ಸರಿ ಅಂದಿತು, ರೈಡ್ ಹೊರಟಿತು. ಸೀಟಿಗೂ ಹಾರ್ನೆಸ್‌ಗೂ ನಡುವೆ ಉಳಿದ ಜಾಗ ಕಣ್ಣಿಗೆ ಕಾಣುವಂಥದ್ದೇ ಆಗಿತ್ತು.

ಇದಕ್ಕೆ ತಿರುವುಮುರುವಾದದ್ದು ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿನಲ್ಲಿ 2015ರ ಜೂನ್ 2ರಂದು ನಡೆಯಿತು. ಅಲ್ಲಿನ ರೋಲರ್ ಕೋಸ್ಟರ್‌ನಲ್ಲಿ ಪರೀಕ್ಷೆಗೆ ಬಿಟ್ಟ ಖಾಲಿ ರೈಲು ಹಳಿಯ ಮೇಲೆ ಸಿಕ್ಕಿಕೊಂಡಿತ್ತು. ಹಿಂದಿನ ರೈಲಿನಲ್ಲಿ 16 ಜನ ಇದ್ದರು. ಮುಂದೆ ದಾರಿ ಖಾಲಿ ಇಲ್ಲವೆಂದು ಕಂಟ್ರೋಲ್ ವ್ಯವಸ್ಥೆ ಆ ರೈಲನ್ನು ಸರಿಯಾಗಿಯೇ ತಡೆದು ನಿಲ್ಲಿಸಿತ್ತು. ಹಳಿಯ ಮೇಲೆ ಎಷ್ಟು ರೈಲುಗಳಿವೆ ಎಂಬ ತಪ್ಪು ತಿಳುವಳಿಕೆಯಲ್ಲಿದ್ದ ಸಿಬ್ಬಂದಿ ಆ ತಡೆಯನ್ನು ಮೀರಿ ರೈಲು ಬಿಟ್ಟರು. ಇಬ್ಬರು ಯುವತಿಯರು ತಲಾ ಒಂದು ಕಾಲು ಕಳೆದುಕೊಂಡರು. ಪಾರ್ಕಿನ ಕಂಪನಿಗೆ ಮುಂದಿನ ವರ್ಷ ಐವತ್ತು ಲಕ್ಷ ಪೌಂಡ್ ದಂಡ ಬಿತ್ತು. ಫಾಲ್ಟ್ ದೀಪ ಕಂಡ ಕೂಡಲೇ ‘ಸೆನ್ಸರ್ ಕೆಟ್ಟಿರಬೇಕು, ರಿಸೆಟ್ ಒತ್ತು’ ಎನ್ನುವ ಅಭ್ಯಾಸ ಎಲ್ಲ ಪಾರ್ಕುಗಳಲ್ಲೂ ಒಬ್ಬಿಬ್ಬರಿಗೆ ಇರುತ್ತದೆ. ಅದನ್ನು ಅವರಿಂದ ಕಲಿಯಬೇಡಿ. ಹಳಿಯ ಮೇಲಿರುವ ರೈಲುಗಳನ್ನು ಕಣ್ಣಾರೆ ಎಣಿಸದೆ, ಮೆಂಟೆನೆನ್ಸ್‌ನವರು ಬಂದು ನೋಡದೆ ರಿಸೆಟ್ ಗುಂಡಿಯ ಹತ್ತಿರ ಕೈ ಹೋಗಕೂಡದು.

ಬೆಳಗಿನ ಕೆಲಸದಿಂದ ಶುರು ಮಾಡೋಣ. ಪಾರ್ಕಿನ ಗೇಟ್ ತೆರೆಯುವುದಕ್ಕೆ ಎಷ್ಟೋ ಮುಂಚೆ ಮೆಂಟೆನೆನ್ಸ್‌ನವರು ರೈಡ್ ನೋಡಿ, ಚೆಕ್‌ಲಿಸ್ಟಿಗೆ ಸಹಿ ಹಾಕಿ ನಿಮಗೆ ಒಪ್ಪಿಸುತ್ತಾರೆ. ಆ ಸಹಿ ಇಲ್ಲದೆ ಕೀಲಿ ತೆಗೆದುಕೊಳ್ಳಬೇಡಿ. ಸಹಿ ಇದ್ದರೂ ನಿಮ್ಮ ಸುತ್ತು ನೀವು ಹಾಕಲೇಬೇಕು. ಬೋಲ್ಟುಗಳ ತಲೆಯ ಮೇಲಿಂದ ಪಕ್ಕದ ಪ್ಲೇಟಿನವರೆಗೆ ಬಣ್ಣದ ಒಂದು ಗೆರೆ ಎಳೆದಿರುತ್ತಾರೆ. ಗೆರೆ ನೇರವಾಗಿದ್ದರೆ ಬೋಲ್ಟ್ ತಿರುಗಿಲ್ಲ. ಬೋಲ್ಟಿನ ಮೇಲಿನ ಗೆರೆಗೂ ಪ್ಲೇಟಿನ ಮೇಲಿನದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ರೈಡ್ ತೆರೆಯುವ ಮಾತಿಲ್ಲ. ನೀವೇ ಸ್ಪ್ಯಾನರ್ ಹಿಡಿದು ಬಿಗಿ ಮಾಡಲೂ ಬೇಡಿ. ಎಷ್ಟು ಬಿಗಿ ಇರಬೇಕೆಂಬುದಕ್ಕೆ ಲೆಕ್ಕವಿದೆ, ಅದಕ್ಕೆ ಟಾರ್ಕ್ ರೆಂಚ್ ಬೇಕು, ಮೇಲಾಗಿ ಯಾಕೆ ಸಡಿಲವಾಯಿತು ಎಂಬುದೂ ಗೊತ್ತಾಗಬೇಕು. ಜಾತ್ರೆಯ ರೈಡ್‌ಗಳಲ್ಲಿ ಬೋಲ್ಟಿನ ಬದಲು ಪಿನ್ನುಗಳು ಹೆಚ್ಚು. ಪ್ರತಿ ಪಿನ್ನಿನ ತುದಿಯಲ್ಲೂ ಅದು ಜಾರದಂತೆ ತಡೆಯುವ ಕ್ಲಿಪ್ ಇದೆಯೇ ಎಂದು ಬೆರಳಿಟ್ಟು ನೋಡಿ. ಕ್ಲಿಪ್ ಜಾಗದಲ್ಲಿ ಮೊಳೆಯೋ ತಂತಿಯೋ ಸಿಕ್ಕಿಸಿದ್ದರೆ ಅದು ದುರಸ್ತಿ ಅಲ್ಲ, ಅಪಾಯ.

ವೆಲ್ಡಿಂಗ್ ಸೇರಿಕೆಗಳ ಹತ್ತಿರ ಬಣ್ಣ ಬಿರುಕು ಬಿಟ್ಟು ಅದರೊಳಗಿಂದ ತುಕ್ಕಿನ ಗೆರೆ ಇಳಿದಿದ್ದರೆ ಕೂಡಲೇ ಮೆಂಟೆನೆನ್ಸ್‌ನವರಿಗೆ ತೋರಿಸಿ. ಬರೀ ಬಣ್ಣ ಹೋಗಿದೆಯೋ, ಕಬ್ಬಿಣವೇ ಸೀಳಿದೆಯೋ ಎಂದು ತೀರ್ಮಾನಿಸಬೇಕಾದವರು ಅವರು. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ ಲೋಲಕದಂತೆ ತೂಗುವ ರೈಡ್ ಓಡುತ್ತಿದ್ದಾಗಲೇ ಮುರಿದು ಬಿದ್ದು ಇಬ್ಬರು ಸತ್ತರು, ಹಲವರಿಗೆ ಗಾಯಗಳಾದವು.

ಆಮೇಲೆ ಖಾಲಿ ಓಟ. ಕೈಪಿಡಿಯಲ್ಲಿ ಎಷ್ಟು ಹೇಳಿದೆಯೋ ಅಷ್ಟೂ ಓಡಿಸಿ. ಡಿಸೆಂಬರ್, ಜನವರಿಯ ಬೆಳಿಗ್ಗೆ ನಮ್ಮಲ್ಲಿ ಚಳಿ ಇರುತ್ತದೆ. ಬೇರಿಂಗ್‌ನ ಗ್ರೀಸ್ ಗಟ್ಟಿಯಾಗಿ, ಗಾಲಿ ಬಿಗಿಯಾಗಿ, ರೋಲರ್ ಕೋಸ್ಟರ್ ಮಧ್ಯಾಹ್ನಕ್ಕಿಂತ ನಿಧಾನ ಓಡುತ್ತದೆ. ಲೂಪ್ ದಾಟಲಾಗದೆ ಹಿಂದಕ್ಕೆ ಜಾರಿ ಬಂದು ತಗ್ಗಿನಲ್ಲಿ ನಿಲ್ಲುವುದು ಇಂಥ ಹೊತ್ತಿನಲ್ಲೇ. ಆದ್ದರಿಂದ ಚಳಿಗಾಲದಲ್ಲಿ ಖಾಲಿ ಓಟಕ್ಕೆ ಹೆಚ್ಚು ಹೊತ್ತು ಬೇಕು. ಓಟದ ನಡುವೆ ಎಮರ್ಜೆನ್ಸಿ ಸ್ಟಾಪ್, ಗೇಟ್ ತೆರೆದರೆ ರೈಡ್ ಹೊರಡದಂತೆ ತಡೆಯುವ ಸ್ವಿಚ್, ಜನರನ್ನು ಸೀಟಿಗೆ ಹಿಡಿದಿಡುವ ಒಂದು ಬಾರ್ ಬೇಕೆಂದೇ ತೆರೆದಿಟ್ಟಾಗ ಪ್ಯಾನೆಲ್ ‘ಹೋಗಲ್ಲ’ ಅನ್ನುತ್ತದೆಯೇ, ಮೈಕ್, ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಬೇಕು. ಶಬ್ದ ಕೇಳುವುದನ್ನೂ ಈಗಲೇ ರೂಢಿಸಿಕೊಳ್ಳಿ. ಚೈನ್ ಎಳೆದಂತೆ ಕೋಸ್ಟರ್ ರೈಲು ಏರು ಹತ್ತುವಾಗ ಬರುವ ‘ಟಕ ಟಕ’ ಸದ್ದು, ಚೈನ್ ತುಂಡಾದರೂ ರೈಲು ಹಿಂದಕ್ಕೆ ಬರದಂತೆ ಹಿಡಿಯುವ ಕೊಕ್ಕೆ ಹಲ್ಲಿನಿಂದ ಹಲ್ಲಿಗೆ ಬೀಳುವ ಸದ್ದು. ಆ ತಾಳ ತಪ್ಪಿದರೆ ಗಮನ ಕೊಡಲೇಬೇಕು.

ಎಮರ್ಜೆನ್ಸಿ ಸ್ಟಾಪ್ ಬಗ್ಗೆ ಹೊಸಬರಲ್ಲಿ ಒಂದು ತಪ್ಪು ಕಲ್ಪನೆ ಇದೆ. ಅದನ್ನು ಒತ್ತಿದರೆ ಎಲ್ಲವೂ ನಿಂತಲ್ಲೇ ನಿಲ್ಲುತ್ತದೆ ಎಂದುಕೊಂಡಿರುತ್ತಾರೆ. ಇಳಿಜಾರಿನಲ್ಲಿ ಓಡುತ್ತಿರುವ ಕೋಸ್ಟರ್‌ಗೆ ಮೋಟಾರೇ ಇರುವುದಿಲ್ಲ. ಅದು ಮುಂದಿನ ಬ್ರೇಕ್ ಬರುವವರೆಗೆ ಓಡಿಯೇ ತೀರುತ್ತದೆ. ಕೊಲಂಬಸ್ ತೂಗಾಡುತ್ತಲೇ ನಿಧಾನವಾಗಿ ನಿಲ್ಲುತ್ತದೆ. ನಿಮ್ಮ ರೈಡ್‌ನಲ್ಲಿ ಆ ಕೆಂಪು ಗುಂಡಿ ಒತ್ತಿದ ಮೇಲೆ ಏನೇನು ನಿಲ್ಲುತ್ತದೆ, ಏನು ನಿಲ್ಲುವುದಿಲ್ಲ, ಎಷ್ಟು ಹೊತ್ತು ಬೇಕು ಎಂಬುದನ್ನು ತರಬೇತಿ ಕೊಡುವವರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಇನ್ನು ದಿನದಲ್ಲಿ ನೂರಾರು ಸಲ ಮಾಡುವ ಕೆಲಸ, ಜನರನ್ನು ಕೂರಿಸಿ ಬಾರ್ ಪರೀಕ್ಷಿಸುವುದು. ತೊಡೆಯ ಮೇಲೆ ಬರುವ ಬಾರ್ ಆದರೆ ಮೊದಲು ಕೆಳಗೆ ಒತ್ತಿ, ಆಮೇಲೆ ಹಿಡಿದು ಮೇಲಕ್ಕೆ ಎರಡು ಸಲ ಗಟ್ಟಿಯಾಗಿ ಎಳೆಯಿರಿ. ಬಾರ್ ತೊಡೆಯ ಬುಡಕ್ಕೆ ತಾಗಿರಬೇಕು, ಮಂಡಿಯ ಮೇಲಲ್ಲ. ಮಡಿಲಲ್ಲಿ ಬ್ಯಾಗ್, ಜೇಬಿನಲ್ಲಿ ದಪ್ಪ ಪವರ್ ಬ್ಯಾಂಕ್, ಸೊಂಟಕ್ಕೆ ಕಟ್ಟಿಕೊಂಡ ಜಾಕೆಟ್ ಇದ್ದರೆ ಬಾರ್ ಅದರ ಮೇಲೆ ಕೂತು ಲಾಕ್ ಆದಂತೆ ಕಾಣುತ್ತದೆ. ಓಟದಲ್ಲಿ ಆ ವಸ್ತು ಜಾರಿದ ಮೇಲೆ ಉಳಿಯುವುದು ಖಾಲಿ ಜಾಗ. ಭುಜದ ಹಾರ್ನೆಸ್ ಆದರೆ ಬಕಲ್ ಬೆಲ್ಟನ್ನೂ ಎಳೆದು ನೋಡಿ. ಬರೀ ಕಣ್ಣು ಹಾಯಿಸಿ ಕೈ ಸವರಿಕೊಂಡು ಹೋಗುವ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಇಬ್ಬರಿಗೆ ಒಂದೇ ಬಾರ್ ಇರುವ ಸೀಟಿನಲ್ಲಿ ಮೈತುಂಬಿದ ಅಪ್ಪನ ಪಕ್ಕ ಸಣಕಲು ಮಗು ಕೂತರೆ ಬಾರ್ ಅಪ್ಪನ ಹೊಟ್ಟೆಗೆ ತಾಗಿ ನಿಲ್ಲುತ್ತದೆ, ಮಗುವಿನ ಮುಂದೆ ಒಂದು ಗೇಣು ಜಾಗ ಉಳಿಯುತ್ತದೆ. ಬಾರ್ ಲಾಕ್ ಆಗಿದೆ, ದೀಪವೂ ಹಸಿರು, ಮಗು ಮಾತ್ರ ಸುರಕ್ಷಿತವಾಗಿಲ್ಲ. ಅಂಥ ಜೋಡಿಯನ್ನು ಬಿಡಿಸಿ ಕೂರಿಸಿ, ಇಲ್ಲವೇ ಆ ರೈಡ್ ಬೇಡವೆನ್ನಿ. ಗಿರಗಿರನೆ ಸುತ್ತುವ ರೈಡ್‌ಗಳಲ್ಲಿ ಮೈ ಹೊರಗಡೆಗೆ ಒತ್ತುತ್ತದೆ. ಹಾಗಾಗಿ ಚಿಕ್ಕವರು ಒಳಬದಿಗೆ, ದೊಡ್ಡವರು ಹೊರಬದಿಗೆ ಕೂರಬೇಕು. ತಿರುವುಮುರುವಾದರೆ ಮಗು ಅಪ್ಪುಗೆಯಲ್ಲಿ ಅಲ್ಲ, ಅವರ ಭಾರದಡಿ ಸಿಕ್ಕಿಕೊಳ್ಳುತ್ತದೆ.

ಜೈಂಟ್ ವೀಲ್‌ನಲ್ಲಿ ಸಾಲಾಗಿ ತುಂಬಬೇಡಿ. ಒಂದು ತೊಟ್ಟಿಲು ತುಂಬಿದರೆ ಮುಂದಿನದು ಅದರ ಎದುರುಬದಿಯದು. ಭಾರವೆಲ್ಲ ಒಂದೇ ಕಡೆ ಸೇರಿದರೆ ಚಕ್ರವನ್ನು ತಿರುಗಿಸುವ ಟೈರ್ ಜಾರುತ್ತದೆ, ಬ್ರೇಕ್ ಹಿಡಿದರೂ ಚಕ್ರ ತಾನಾಗಿ ಸರಿಯುತ್ತದೆ. ಮಳೆಯಲ್ಲಿ ಒದ್ದೆಯಾದ ಟೈರ್ ಇನ್ನೂ ಬೇಗ ಜಾರುತ್ತದೆ.

ದುಪಟ್ಟಾ, ಸೆರಗು, ಬಿಚ್ಚಿದ ಉದ್ದ ಜಡೆ, ಈ ಮೂರನ್ನು ಯಾವ ಕಾರಣಕ್ಕೂ ಬಿಡಬೇಡಿ. ಗೋ ಕಾರ್ಟ್‌ನಲ್ಲಂತೂ ಹಿಂದಿನ ಆಕ್ಸೆಲ್ ತೆರೆದೇ ಇದ್ದರೆ ಬಟ್ಟೆ ಸುತ್ತಿಕೊಳ್ಳಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ‘ಅಕ್ಕಾ, ದುಪಟ್ಟಾ ತೆಗೆದು ಬ್ಯಾಗಲ್ಲಿಡಿ, ಜಡೆ ಕಟ್ಟಿ ಒಳಗೆ ಸೇರಿಸ್ಕೊಳ್ಳಿ’ ಎಂದು ಕ್ಯೂನಲ್ಲೇ ಹೇಳಿ. ಸೀಟಿಗೆ ಬಂದ ಮೇಲೆ ಹೇಳಿದರೆ ಅವರಿಗೂ ಮುಜುಗರ, ನಿಮಗೂ ಆತುರ.

ಎತ್ತರದ ಜಗಳ ದಿನವೂ ಇದ್ದದ್ದೇ. ಬೋರ್ಡಿನಲ್ಲಿ 120 ಅಥವಾ 140 ಸೆಂ.ಮೀ. ಎಂದಿದ್ದರೆ ಅದು ಬಾರ್‌ನ ಅಳತೆಗೂ ಮಗುವಿನ ಸೊಂಟ, ಭುಜ ಎಲ್ಲಿ ಬರುತ್ತವೆ ಎಂಬುದಕ್ಕೂ ಸಂಬಂಧಿಸಿದ ಲೆಕ್ಕ. ‘ಎರಡು ಸೆಂಟಿಮೀಟರ್ ತಾನೇ, ಬಿಡಪ್ಪಾ’ ಅನ್ನುವವರಿಗೆ ‘ಸರ್, ಈ ಬಾರ್ ಪಾಪುವನ್ನ ಹಿಡಿಯಲ್ಲ, ಅದಕ್ಕೇ ಬೇಡ ಅಂತಿದ್ದೀನಿ. ಆ ಕಡೆ ರೈಡ್‌ಗೆ ಬರಬಹುದು’ ಎಂದು ಕಾರಣವನ್ನೂ ಬದಲಿ ರೈಡನ್ನೂ ಒಟ್ಟಿಗೆ ಹೇಳಿ. ಮೈತುಂಬಿದವರಿಗೆ ಬಾರ್ ಲಾಕ್ ಆಗದಿದ್ದರೆ ಅವರ ಮೈಯ ಮಾತು ಎತ್ತಲೇಬೇಡಿ. ‘ಈ ಬಾರ್ ಪೂರ್ತಿ ಇಳೀತಿಲ್ಲ ಸರ್, ಬಿಡೋಕಾಗಲ್ಲ’ ಎಂದು ಅವರಿಗಷ್ಟೇ ಕೇಳುವಂತೆ ಹೇಳಿ. ಕ್ಯೂ ಬಾಗಿಲಲ್ಲಿ ಒಂದು ಪರೀಕ್ಷಾ ಸೀಟ್ ಇದ್ದರೆ ಈ ಅವಮಾನವೇ ತಪ್ಪುತ್ತದೆ. ನಿಮ್ಮ ಪಾರ್ಕಿನಲ್ಲಿ ಇಲ್ಲದಿದ್ದರೆ ಕೇಳಿ ಹಾಕಿಸಿ.

ರೈಡ್ ಬಿಡುವ ಮುನ್ನ ಪ್ಲಾಟ್‌ಫಾರ್ಮಿನಲ್ಲಿರುವ ಪ್ರತಿಯೊಬ್ಬ ಅಟೆಂಡರ್ ಹಳದಿ ಗೆರೆಯ ಆಚೆ ನಿಂತು ಹೆಬ್ಬೆರಳೆತ್ತಿ ತೋರಿಸಬೇಕು. ‘ಓಕೆ ಅಣ್ಣಾ’ ಎಂಬ ಕೂಗಿನ ಮೇಲೆ ಬಿಡಬೇಡಿ. ಹಾಡು, ಕಿರುಚಾಟಗಳ ನಡುವೆ ಓಕೆಯೂ ‘ಬೇಡ’ವೂ ಒಂದೇ ಥರ ಕೇಳುತ್ತವೆ. ಪ್ಯಾನೆಲ್ ಮುಂದೆ ಇರುವವರ ಕಣ್ಣು ಮೊದಲ ಸೀಟಿನಿಂದ ಕೊನೆಯ ಸೀಟಿಗೆ, ಅಲ್ಲಿಂದ ಹಳಿಗೆ, ಅಲ್ಲಿಂದ ಇಳಿಯುವ ಗೇಟಿಗೆ ಹೋಗಿ ಬರಲಿ. ಮೊಬೈಲ್ ಜೇಬಿನಲ್ಲಿ ಕೂಡ ಇರಬಾರದು. ಗಂಟೆಗಟ್ಟಲೆ ಅದೇ ಕೆಲಸ ಮಾಡಿದರೆ ಕೈ ತಾನೇ ಹೋಗುತ್ತದೆ, ತಲೆ ಎಲ್ಲೋ ಇರುತ್ತದೆ. ಪ್ಯಾನೆಲ್‌ನಿಂದ ಪ್ಲಾಟ್‌ಫಾರ್ಮಿಗೆ, ಅಲ್ಲಿಂದ ಕ್ಯೂಗೆ ಜಾಗ ಬದಲಿಸುವ ಪದ್ಧತಿ ಇರುವುದು ಅದಕ್ಕೇ. ನಿಮ್ಮ ಸರದಿ ಬಂದಾಗ ‘ನಾನೇ ಮಾಡ್ತೀನಿ ಬಿಡಿ’ ಎನ್ನಬೇಡಿ.

ಓಡುತ್ತಿರುವ ರೈಡ್‌ನ ಬೇಲಿಯೊಳಗೆ ಯಾರದೋ ಮೊಬೈಲ್, ಟೋಪಿ, ಚಪ್ಪಲಿ ಬಿದ್ದರೆ ಎಷ್ಟೇ ಗೋಗರೆದರೂ ತರಲು ಹೋಗಬೇಡಿ, ಅವರನ್ನೂ ಬಿಡಬೇಡಿ. ರೈಡ್ ನಿಂತು, ಕೀಲಿ ತೆಗೆದು ಒಳಗೆ ಹೋಗುವವರ ಜೇಬಿಗೆ ಸೇರಿದ ಮೇಲಷ್ಟೇ ಆ ಗೇಟ್ ತೆರೆಯಬೇಕು. ಕೀಲಿ ಅವರ ಜೇಬಿನಲ್ಲಿದ್ದರೆ ಬೇರಾರೂ ಗೊತ್ತಿಲ್ಲದೆ ರೈಡ್ ಶುರು ಮಾಡಲಾಗದು.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬೆಂಗಳೂರಿಗೆ ಗುಡುಗು ಮಳೆ ಹೇಗೆ ನುಗ್ಗಿ ಬರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. 30 ಸೆಕೆಂಡಿನೊಳಗೆ ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ ಎಂದರ್ಥ, ಎತ್ತರದ ರೈಡ್ ಮುಚ್ಚಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ತೆರೆಯಬಾರದು. ಗಾಳಿಯ ಮಿತಿ ಪ್ರತಿ ರೈಡ್‌ಗೂ ಬೇರೆ, ಅದು ತಯಾರಕರ ಕೈಪಿಡಿಯಲ್ಲಿರುತ್ತದೆ. ಆ ಅಂಕಿ ನಿಮ್ಮ ಪ್ಯಾನೆಲ್ ಮೇಲೆ ಅಂಟಿಸಿರಲಿ.

ಮಳೆಯ ಜೊತೆಗೇ ಕರೆಂಟ್ ಹೋಗುವುದು. ಜನರೇಟರ್ ಶುರುವಾಗಿ ದೀಪ ಬರುವಷ್ಟರಲ್ಲಿ ರೈಡ್ ನಡುವೆಯೇ ನಿಂತಿರುತ್ತದೆ. ಕರೆಂಟ್ ಬಂದಿತೆಂದು ಕೂಡಲೇ ಓಡಿಸಬೇಡಿ. ಮೊದಲ ಒಂದು ನಿಮಿಷದೊಳಗೆ ಮೈಕ್‌ನಲ್ಲಿ ಹೇಳಿ: ‘ಕರೆಂಟ್ ಹೋಗಿ ರೈಡ್ ನಿಂತಿದೆ. ನೀವು ಸುರಕ್ಷಿತವಾಗಿದ್ದೀರಿ. ಬಾರ್ ತೆಗೆಯೋಕೆ ಹೋಗ್ಬೇಡಿ, ಕೂತಲ್ಲೇ ಇರಿ.’ ಇದನ್ನೇ ಹಿಂದಿಯಲ್ಲಿ, ತಮಿಳು ತೆಲುಗಿನಲ್ಲಿ ಎರಡೆರಡು ಸಾಲು ಹೇಳಲು ಕಲಿತುಕೊಂಡಿರಿ, ನಮ್ಮ ಊರಿನ ಕ್ಯೂನಲ್ಲಿ ಎಲ್ಲರೂ ಇರುತ್ತಾರೆ. ಮೈಕ್ ಸುಮ್ಮನಿದ್ದರೆ ಮೇಲೆ ಕೂತವರು ತಾವೇ ಇಳಿಯಲು ನೋಡುತ್ತಾರೆ, ಅನಾಹುತ ಅಲ್ಲಿಂದ ಶುರು. ಬಾರ್ ಕೈಯಿಂದ ಬಿಡಿಸುವುದು, ಜೈಂಟ್ ವೀಲನ್ನು ಕೈಯಿಂದ ತಿರುಗಿಸಿ ಇಳಿಸುವುದು ತರಬೇತಾದ ರಕ್ಷಣಾ ತಂಡದ ಕೆಲಸ. ಕಾಯುವಾಗ ನೀವು ಅವರ ಕಣ್ಣಿಗೆ ಕಾಣುವ ಜಾಗದಲ್ಲಿ ನಿಂತು ಮಾತಾಡಿಸುತ್ತಲೇ ಇರಿ.

ನಡೆದದ್ದನ್ನು ಆ ಹೊತ್ತಿಗೇ ಲಾಗ್ ಬುಕ್ಕಿನಲ್ಲಿ ಬರೆಯಿರಿ. ‘ಸ್ವಲ್ಪ ತೊಂದರೆ ಆಯ್ತು, ಸರಿಯಾಯ್ತು’ ಎಂಬ ಬರಹ ಯಾರಿಗೂ ಉಪಯೋಗವಿಲ್ಲ. ‘ಮಧ್ಯಾಹ್ನ 3.10, ಎರಡನೇ ಬೋಗಿ ನಾಲ್ಕನೇ ಸೀಟು, ಬಾರ್ ಎರಡನೇ ಸಲ ಒತ್ತಿದಾಗ ಲಾಕ್ ಆಯಿತು, ಸೀಟು ಮುಚ್ಚಿದೆ, ಮೆಂಟೆನೆನ್ಸ್‌ಗೆ ತಿಳಿಸಿದೆ’ ಎಂದಿದ್ದರೆ ಮಾರನೆಯ ದಿನ ಅದೇ ಸೀಟನ್ನು ಹುಡುಕಬೇಕಿಲ್ಲ. ಮೇಲಿನವರು ಯಾರಾದರೂ ‘ಕ್ಯೂ ಉದ್ದ ಇದೆ, ಬಿಟ್ಟುಬಿಡು’ ಎಂದರೆ, ಆ ಮಾತನ್ನೂ ಹೊತ್ತಿನೊಂದಿಗೆ ಅದೇ ಪುಟದಲ್ಲಿ ಬರೆದು, ಅವರ ಸಹಿ ಕೇಳಿ. ಸಹಿ ಹಾಕಿದರೂ ಕೀಲಿ ತಿರುಗಿಸಬೇಡಿ.