ಎಲ್ಲ ಕರೆಗಳೂ ಒಂದೇ ಫೋನಿಗೆ ಬಂದಾಗ

ಕಲಬುರಗಿಯ ನನ್ನ ಚಿಕಿತ್ಸಾಲಯಕ್ಕೆ ಬರುವ ಯುವ ಉದ್ಯಮಿಗಳಲ್ಲಿ ‘ಬರ್ನ್‌ಔಟ್’ (ದುಡಿಮೆಯ ಒತ್ತಡದಿಂದ ಬತ್ತಿಹೋದ ಸ್ಥಿತಿ) ಎಂದು ಹೇಳಿಕೊಂಡು ಬರುವವರು ಕಡಿಮೆ. ಎದೆಯುರಿ, ಕುತ್ತಿಗೆ ನೋವು, ನಡುರಾತ್ರಿಯ ಎಚ್ಚರ ಎಂದು ಹೊಟ್ಟೆಯ ವೈದ್ಯರನ್ನೂ ಹೃದಯದ ವೈದ್ಯರನ್ನೂ ಕಂಡು, ವರದಿಗಳೆಲ್ಲ ಸರಿಯಿವೆ ಎನಿಸಿಕೊಂಡ ಮೇಲೆಯೇ ಅವರು ಮನೋವೈದ್ಯರ ಬಾಗಿಲಿಗೆ ಬರುತ್ತಾರೆ. ತೊಗರಿಬೇಳೆಯನ್ನು ಪಾಕೀಟು ಮಾಡಿ ಆನ್‌ಲೈನ್‌ನಲ್ಲಿ ಮಾರುವ ಕಂಪನಿ ಕಟ್ಟಿದ ಯುವಕನೊಬ್ಬ (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಮೊದಲ ದಿನ ನನ್ನೆದುರು ಕುಳಿತಾಗ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟ. ಅದು ಗುರ್ ಎಂದಾಗಲೆಲ್ಲ ಅವನ ಮಾತು ನಡುವೆಯೇ ನಿಲ್ಲುತ್ತಿತ್ತು, ಬಲಗೈ ತಾನಾಗಿ ಅರ್ಧ ಮೇಲೇಳುತ್ತಿತ್ತು. “ಮೇಡಂ, ಫೋನ್ ಬಂತಂದ್ರ ಎದಿ ಧಸಕ್ ಅಂತದ. ನಾನೇ ಕಟ್ಟಿದ ಕಂಪನಿ, ಆದ್ರ ಒಳಗ ಹೋಗ್ಲಿಕ್ಕೇ ಮನಸ್ಸಾಗವಲ್ದು” ಎಂದ.

2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯು ಬರ್ನ್‌ಔಟನ್ನು ಕಾಯಿಲೆಯೆಂದು ಕರೆಯದೆ, ದುಡಿಮೆಗೆ ಸಂಬಂಧಿಸಿದ ಸ್ಥಿತಿಯೆಂದು ಹೆಸರಿಸುತ್ತದೆ. ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದ ಬಗ್ಗೆ ಜಿಗುಪ್ಸೆಯೋ ದೂರಭಾವವೋ ಹುಟ್ಟುವುದು, ತನ್ನಿಂದ ಏನೂ ಆಗುತ್ತಿಲ್ಲವೆನಿಸುವುದು ಅದರ ಮೂರು ಗುರುತುಗಳು. ಎರಡನೆಯದನ್ನು ಮನೆಯವರು ಸ್ವಭಾವವೇ ಕೆಟ್ಟಿತೆಂದು ತಿಳಿದುಬಿಡುತ್ತಾರೆ: ರೈತರ ಜೊತೆ ಕಟ್ಟೆಯ ಮೇಲೆ ಗಂಟೆಗಟ್ಟಲೆ ಕುಳಿತು ಮಾತಾಡುತ್ತಿದ್ದವನು ಈಗ ಅವರ ಹೆಸರು ಪರದೆಯ ಮೇಲೆ ಕಂಡರೇ ಸಿಡುಕುತ್ತಾನೆ.

ದಣಿವೆಲ್ಲವೂ ಬರ್ನ್‌ಔಟ್ ಅಲ್ಲದ ಕಾರಣ ಹಿಮೋಗ್ಲೋಬಿನ್, ಥೈರಾಯ್ಡ್ ಮತ್ತು ಬಿ12 ಪರೀಕ್ಷೆಗಳನ್ನು ನಾನು ಮೊದಲೇ ಮಾಡಿಸುತ್ತೇನೆ. ಕೆಲಸದಾಚೆಗೂ, ಮಗುವಿನ ನಗುವಿನಲ್ಲೂ ಸಂತೋಷ ಕಾಣದ ಸ್ಥಿತಿ ಎರಡು ವಾರ ಮೀರಿದರೆ ಅದು ಖಿನ್ನತೆಯಾಗಿರಬಹುದು, ಅದಕ್ಕೆ ಚಿಕಿತ್ಸೆಯೇ ಬೇಕು. ಸಾಯುವ ಯೋಚನೆ ಸುಳಿದರೆ ಆ ಗಳಿಗೆಯಲ್ಲೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತಾಡಬಹುದು.

ನಾಲ್ಕು ದಿನ ಎಲ್ಲಾದರೂ ಹೋಗಿ ಬಾ ಎಂದು ಬಂಧುಗಳು ಹೇಳಿದ್ದರಿಂದ ಆ ಯುವಕ ಹೋಗಿಯೂ ಬಂದಿದ್ದ. ಮರಳಿದ ಎರಡನೆಯ ದಿನವೇ ಎಲ್ಲವೂ ಮೊದಲಿನಂತಾಯಿತು. ನಾನು ಕಂಡಂತೆ ಸ್ಥಾಪಕರನ್ನು ಹಣ್ಣು ಮಾಡುವುದು ದುಡಿದ ಗಂಟೆಗಳಿಗಿಂತ ಹೆಚ್ಚಾಗಿ, ಪ್ರತಿಯೊಂದು ತೀರ್ಮಾನವೂ ಒಬ್ಬರ ತಲೆಗೇ ಬಂದು ನಿಲ್ಲುವ ವ್ಯವಸ್ಥೆ; ರಜೆ ಮುಗಿಸಿ ಬರುವವರೆಗೆ ಅದು ಹಾಗೆಯೇ ಕಾದಿರುತ್ತದೆ. ಆದ್ದರಿಂದ ಒಂದು ವಾರ ಬರುವ ಪ್ರತಿ ಕರೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದೆ. ಅವನು ತಂದ ಪುಟಗಳಲ್ಲಿ ‘ಟೇಪು ಮುಗಿದಿದೆ, ತರಲೇ?’, ‘ಬಿಲ್ಟಿ (ಸರಕು ಸಾಗಣೆಯ ರಸೀದಿ) ಯಾರ ಹೆಸರಿಗೆ?’, ‘ಗಿರಾಕಿ 20 ರೂಪಾಯಿ ಬಿಡಿ ಅಂತಾನೆ’ ಎಂಬಂಥವೇ ತುಂಬಿದ್ದವು. ಉತ್ತರ ಕೆಲಸಗಾರರಿಗೂ ಗೊತ್ತಿತ್ತು. ಹಿಂದೊಮ್ಮೆ ತಾವೇ ನಿರ್ಧರಿಸಿ ಬೈಸಿಕೊಂಡಿದ್ದರಿಂದ ಎಲ್ಲವನ್ನೂ ಕೇಳುತ್ತಿದ್ದರು. 5,000 ರೂಪಾಯಿಯೊಳಗಿನ ಯಾವುದಕ್ಕೂ ತನ್ನನ್ನು ಕೇಳಬೇಕಿಲ್ಲ, ತಪ್ಪಾದರೆ ನಷ್ಟ ಕಂಪನಿಯದು ಎಂದು ಗೋದಾಮು ನೋಡಿಕೊಳ್ಳುವವನಿಗೆ ಎಲ್ಲರೆದುರು ಹೇಳಲು ಅವನಿಗೆ ಎರಡು ವಾರ ಬೇಕಾಯಿತು. ಹೊಣೆಯನ್ನು ಕೊಟ್ಟು ಅಧಿಕಾರವನ್ನು ತನ್ನಲ್ಲೇ ಇಟ್ಟುಕೊಂಡರೆ ಕರೆಗಳು ನಿಲ್ಲುವುದಿಲ್ಲ.

ಹಣದ ಭಾರ ಇದಕ್ಕಿಂತ ಗುಪ್ತವಾದದ್ದು. ಹೊಸ ತೊಗರಿ ಬಂದಾಗ ರೈತರಿಗೆ ಕೂಡಲೇ ಹಣ ಕೊಡಬೇಕು, ದೊಡ್ಡ ಖರೀದಿದಾರರಿಂದ ಬರಬೇಕಾದ್ದು ತಿಂಗಳುಗಟ್ಟಲೆ ಬಾಕಿ ನಿಲ್ಲುತ್ತದೆ, ನಡುವಿನ ಕಂದಕ ತುಂಬಲು ಮನೆಯ ಬಂಗಾರ ಬ್ಯಾಂಕಿಗೆ ಹೋಗಿರುತ್ತದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಬೇಕು, ತಡವಾದರೆ ಬಡ್ಡಿಯೂ ಸಲ್ಲಬೇಕು. ಇದಕ್ಕೆ ಸರ್ಕಾರದ ‘ಉದ್ಯಮ್’ ಜಾಲತಾಣದಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಮನೋವೈದ್ಯೆ ಇದನ್ನೇಕೆ ಹೇಳಬೇಕೆಂದು ಕೇಳಬಹುದು. ನಿದ್ದೆಗೆಡಿಸುತ್ತಿರುವುದು ಬಾಕಿ ಹಣವಾದರೆ ಮಾತ್ರೆಗಿಂತ ಲೆಕ್ಕಪರಿಶೋಧಕರೆದುರು ಕಳೆದ ಒಂದು ಗಂಟೆ ಹೆಚ್ಚು ಉಪಯುಕ್ತವೆಂದು ನಾನು ನಂಬಿದ್ದೇನೆ. ಚಿಕ್ಕದಾದರೂ ತಿಂಗಳಿಗೊಂದು ನಿಗದಿತ ಸಂಬಳವನ್ನು ತಾನೇ ತೆಗೆದುಕೊಂಡು ಮನೆಯ ಲೆಕ್ಕವನ್ನು ಬೇರೆ ಮಾಡುವುದು, ಸಾಲದ ಪೂರ್ತಿ ಮೊತ್ತವನ್ನು ಹೆಂಡತಿಗೋ ಗಂಡನಿಗೋ ಹೇಳಿಬಿಡುವುದು ಚಿಕಿತ್ಸೆಯ ಭಾಗವೇ. ಆ ಯುವಕ ಹೇಳಿದ ದಿನ ಹೆಂಡತಿ ಸಿಟ್ಟಾದದ್ದು ಸಾಲಕ್ಕಲ್ಲ, ಎಂಟು ತಿಂಗಳು ಮುಚ್ಚಿಟ್ಟದ್ದಕ್ಕೆ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆಗೆ ಹೊರಳುತ್ತವೆ. ಸ್ಟಾರ್ಟ್ಅಪ್‌ಗಳು ಮಾತ್ರ ತಗಡಿನ ಶೆಡ್ಡಿನಲ್ಲಿ, 42 ಡಿಗ್ರಿಯಲ್ಲಿ, ಬೆಂಗಳೂರಿನ ವೇಳಾಪಟ್ಟಿ ಹಿಡಿದು ನಡೆಯುತ್ತವೆ. ಲೆಕ್ಕ ಮತ್ತು ಯೋಜನೆಯ ಕೆಲಸಗಳನ್ನು ಬೆಳಗಿಗೆ ತಂದು, ಸಂಜೆ ಐದರ ನಂತರದ ಚಹಾ ಬಿಟ್ಟು, ದಿನವೂ ಒಂದೇ ಹೊತ್ತಿಗೆ ಏಳುವುದರಿಂದ ನಿದ್ದೆ ಬಹುಪಾಲು ಸುಧಾರಿಸುತ್ತದೆ.

ಕಾಯಕವೇ ಕೈಲಾಸವಲ್ಲವೇ, ಬಿಡುವೇಕೆ ಎಂದು ಅನೇಕರು ನನ್ನನ್ನು ಕೇಳುತ್ತಾರೆ. ಗಂಡ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಶರಣೆ ಆಯ್ದಕ್ಕಿ ಲಕ್ಕಮ್ಮನೂ ಕಾಯಕ ಜೀವಿಯೇ. ಅವಳ ಕಾಯಕಕ್ಕೆ ಒಂದು ಅಳತೆಯಿತ್ತು.

ಆ ಯುವಕನಿಗೆ ಇದು ಚಿಕಿತ್ಸೆಯ ನಾಲ್ಕನೆಯ ತಿಂಗಳು. ಭಾನುವಾರ ಗೋದಾಮಿನ ಕರೆಗಳು ಅವನಿಗೆ ಬರುವುದಿಲ್ಲ, ಎದೆಯುರಿ ಕಡಿಮೆಯಾಗಿದೆ, ನಿದ್ದೆ ಮಾತ್ರ ವಾರದಲ್ಲಿ ಎರಡು ರಾತ್ರಿ ಇನ್ನೂ ಕೈಕೊಡುತ್ತದೆ. ಹೊಸ ತೊಗರಿ ಬರುವ ಮುನ್ನ ಖರೀದಿಯ ಹೊಣೆಯಲ್ಲಿ ಅರ್ಧವನ್ನಾದರೂ ಯಾರಿಗೆ ಬಿಡುವುದೆಂದು ಬರೆದುಕೊಂಡು ಬರಲು ಹೇಳಿದ್ದೇನೆ. ಮುಂದಿನ ಭೇಟಿಗೆ ಹೆಂಡತಿಯೂ ಜೊತೆಗೆ ಬರುತ್ತಾಳಂತೆ.