ಉದ್ಯಮಬಾಗದ ಲೇಬಲ್, ಹ್ಯಾಂಬರ್ಗಿನ ಗೋದಾಮು

ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್, ಸೀಲ್ ಕಿಟ್, ಎರಕದ ಮಾಲು ತಯಾರಿಸಿ ರಫ್ತು ಮಾಡುವ ಕಾರ್ಖಾನೆ ಹೊರದೇಶದಲ್ಲೂ ಗೋದಾಮು ತೆರೆದ ಮೇಲೆ, ದಾಸ್ತಾನು ಲೆಕ್ಕಕ್ಕೆ ಒಂದೇ ಸಾಫ್ಟ್‌ವೇರ್ ಬೇಕೇ ಬೇಕು. ಚರ್ಚೆಯೆಲ್ಲ ಯಾವ ಸಾಫ್ಟ್‌ವೇರ್ ಕೊಳ್ಳಬೇಕು ಎಂಬುದರ ಮೇಲೇ ನಡೆಯುತ್ತದೆ. ಆದರೆ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಂಟೇನರ್ ಬಿಚ್ಚುವವರಿಗೆ ನಮ್ಮ ಮಾಲಿನ ಬಗ್ಗೆ ಗೊತ್ತಾಗುವುದು ಇಲ್ಲಿ ಅಂಟಿಸಿದ ಲೇಬಲ್ ಮತ್ತು ಇಲ್ಲಿಂದ ಕಳಿಸಿದ ಮಾಹಿತಿ ಹೇಳಿದಷ್ಟೇ. ಅವೆರಡೂ ತಪ್ಪಿದ್ದರೆ ಎಷ್ಟು ದುಬಾರಿ ಸಾಫ್ಟ್‌ವೇರ್ ಆದರೂ ಆ ತಪ್ಪನ್ನೇ ಬೇಗ ಬೇಗ ಹರಡುತ್ತದೆ.

ಮೊದಲ ಕೆಲಸ ಐಟಂ ಮಾಸ್ಟರ್, ಅಂದರೆ ಎಲ್ಲ ಮಾಲಿನ ಕೋಡ್, ಹೆಸರು, ಅಳತೆಗಳ ಮೂಲ ಪಟ್ಟಿ. ಬಹುತೇಕ ಕಡೆ ಇದು ಎಕ್ಸೆಲ್ ಹಾಳೆಯಿಂದ ಬರುತ್ತದೆ, ಕೆಡುವುದೂ ಅಲ್ಲೇ. 00412 ಎಂಬ ಪಾರ್ಟ್ ನಂಬರನ್ನು ಎಕ್ಸೆಲ್ 412 ಮಾಡುತ್ತದೆ. 12E5 ಎಂಬ ಕೋಡನ್ನು ಹನ್ನೆರಡು ಲಕ್ಷ ಎಂಬ ಸಂಖ್ಯೆ ಎಂದು ಓದುತ್ತದೆ. 15 ಅಂಕಿಗಿಂತ ಉದ್ದದ ಸಂಖ್ಯೆ ಕೊಟ್ಟರೆ ಉಳಿದ ಅಂಕಿಗಳನ್ನು ಸೊನ್ನೆ ಮಾಡುತ್ತದೆ. ಪ್ಯಾಲೆಟ್ (ಮಾಲು ಪೇರಿಸುವ ಹಲಗೆ) ಸಂಖ್ಯೆಗೆ 18 ಅಂಕಿ ಇರುವುದರಿಂದ ಕೊನೆಯ ಮೂರು ಅಂಕಿ ಹೋಗಿಬಿಡುತ್ತವೆ. ಒಮ್ಮೆ ಸೇವ್ ಮಾಡಿದರೆ ಅವು ಮರಳಿ ಬರುವುದಿಲ್ಲ. ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಇಂಥ ಕೋಡ್, ನಂಬರುಗಳ ಕಾಲಂಗಳನ್ನು 'ಟೆಕ್ಸ್ಟ್' ಎಂದು ಗುರುತಿಸಿ ಇಂಪೋರ್ಟ್ ಮಾಡಿ.

ಅಳತೆಯ ಘಟಕದಲ್ಲಿ ಇನ್ನೂ ದೊಡ್ಡ ಗೊಂದಲ. ಸೀಲ್ ಕಿಟ್ ನಮ್ಮ ಸ್ಟೋರ್‌ನಲ್ಲಿ 1 ಸೆಟ್. ಅಲ್ಲಿನ ಗೋದಾಮು ಅದನ್ನು ಬಿಚ್ಚಿ ಒಂದೊಂದೇ ರಿಂಗ್ ಮಾರಿದರೆ ಲೆಕ್ಕ ಅಲ್ಲಿಂದಲೇ ಹಳಿ ತಪ್ಪುತ್ತದೆ. ಬೋಲ್ಟನ್ನು ನಾವು ಕಿಲೋ ಲೆಕ್ಕದಲ್ಲಿ ಕೊಂಡು ಬಿಡಿ ನಗಗಳ ಲೆಕ್ಕದಲ್ಲಿ ಕೊಡುತ್ತೇವೆ. ನಮ್ಮ ಯಾವುದೇ ಗೋದಾಮಿನಿಂದ ಹೊರಹೋಗುವ ಅತಿ ಚಿಕ್ಕ ಘಟಕವೇ ಮೂಲ ಘಟಕ ಆಗಬೇಕು. ಪೆಟ್ಟಿಗೆ, ಪ್ಯಾಲೆಟ್ ಎಲ್ಲ ಅದರ ಗುಣಕಗಳು. ದಾಸ್ತಾನು ಏರಿಸಿದ ಮೇಲೆ ಮೂಲ ಘಟಕ ಬದಲಿಸಲು ಹೆಚ್ಚಿನ ಸಾಫ್ಟ್‌ವೇರ್‌ಗಳು ಬಿಡುವುದಿಲ್ಲ, ಹೊಸ ಐಟಂ ತೆರೆದು ಮಾಲನ್ನೆಲ್ಲ ಅದಕ್ಕೆ ವರ್ಗಾಯಿಸಬೇಕಾಗುತ್ತದೆ. ರಬ್ಬರ್ ಸೀಲ್‌ಗಳಿಗೆ ಕ್ಯೂರ್ ದಿನಾಂಕ (ರಬ್ಬರ್ ಹದ ಮಾಡಿದ ದಿನ), ಎರಕದ ಮಾಲಿಗೆ ಹೀಟ್ ನಂಬರ್ (ಲೋಹ ಕರಗಿಸಿದ ಕಂತಿನ ಸಂಖ್ಯೆ) ಕಡ್ಡಾಯ ಮಾಡಿ. ಡ್ರಾಯಿಂಗ್ ಬದಲಾಗಿ ಹಳೆಯ ಭಾಗದ ಜಾಗದಲ್ಲಿ ಹೊಸದು ಕೂರದಿದ್ದರೆ ಡ್ರಾಯಿಂಗಿನ ಆವೃತ್ತಿ ಸೂಚಿಸುವ ರಿವಿಷನ್ ಅಕ್ಷರ ಬದಲಿಸಿದರೆ ಸಾಲದು, ಹೊಸ ಪಾರ್ಟ್ ನಂಬರೇ ಕೊಡಬೇಕು.

ಲೇಬಲ್ ವಿಷಯದಲ್ಲಿ ಉಳಿತಾಯ ಬೇಡ. ಪ್ರತಿ ಪ್ಯಾಲೆಟ್‌ಗೂ ಬಾರ್‌ಕೋಡ್ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಜಿಎಸ್1ರ ಪದ್ಧತಿಯ, ಆ ಪ್ಯಾಲೆಟನ್ನಷ್ಟೇ ಗುರುತಿಸುವ 18 ಅಂಕಿಯ ಎಸ್‌ಎಸ್‌ಸಿಸಿ ಸಂಖ್ಯೆ ಇರಲಿ. ಕಳಿಸಿದ ದಿನದಿಂದ ಒಂದು ವರ್ಷದೊಳಗೆ ಅದೇ ಸಂಖ್ಯೆಯನ್ನು ಇನ್ನೊಂದು ಪ್ಯಾಲೆಟ್‌ಗೆ ಕೊಡುವಂತಿಲ್ಲ. ಪಕ್ಕಪಕ್ಕದ ಎರಡು ಬದಿಗಳಿಗೂ ಲೇಬಲ್ ಅಂಟಿಸಿ. ಬಾರ್‌ಕೋಡ್ ನೆಲದಿಂದ 400 ಮತ್ತು 800 ಮಿ.ಮೀ. ನಡುವೆ, ಅಂಚಿನಿಂದ ಕನಿಷ್ಠ 50 ಮಿ.ಮೀ. ಒಳಗೆ ಬರಬೇಕು. ಮೂಲೆಗೆ ಅಂಟಿಸಿದರೆ ಸ್ಟ್ರೆಚ್ ಫಿಲ್ಮ್ ಮಡಿಕೆಯಲ್ಲಿ ಸ್ಕ್ಯಾನರ್ ಓದುವುದಿಲ್ಲ. ನಮ್ಮ ಮಾಲಿಗೆ ತುಕ್ಕು ತಡೆಯುವ ಎಣ್ಣೆ ಬಳಿದಿರುತ್ತದೆ, ಕಂಟೇನರ್ ಬಿಸಿಲಲ್ಲಿ ಕಾಯುತ್ತದೆ. ಬಿಸಿಯಿಂದಲೇ ಅಕ್ಷರ ಮೂಡುವ ಡೈರೆಕ್ಟ್ ಥರ್ಮಲ್ ಕಾಗದ ಇವೆರಡಕ್ಕೂ ತಾಳುವುದಿಲ್ಲ: ಬಿಸಿಗೆ ಕಪ್ಪಾಗುತ್ತದೆ, ಎಣ್ಣೆಗೆ ಅಕ್ಷರ ಅಳಿಸುತ್ತದೆ. ರೆಸಿನ್ ಶಾಯಿಯ ರಿಬ್ಬನ್ನಿನಲ್ಲಿ ಪಾಲಿಯೆಸ್ಟರ್ ಲೇಬಲ್ ಮೇಲೆ ಮುದ್ರಿಸಿ. ಕಟ್ಟಿಗೆಯ ಪ್ಯಾಲೆಟ್‌ಗೆ ಐಎಸ್‌ಪಿಎಂ 15 ಮುದ್ರೆ (ಕೀಟ ಹರಡದಂತೆ ಮರವನ್ನು ಸಂಸ್ಕರಿಸಿದೆ ಎಂಬ ಗುರುತು) ಇರಲೇಬೇಕು. ಮುದ್ರೆಯಿಲ್ಲದ ಪ್ಯಾಲೆಟ್ ಬಂದರಿನಲ್ಲೇ ನಿಂತರೆ ಸಾಫ್ಟ್‌ವೇರ್ ಏನೂ ಮಾಡಲಾಗದು.

ಯಾವ ಮಾಲು ಬರುತ್ತಿದೆ ಎಂದು ಅಲ್ಲಿನ ಗೋದಾಮಿಗೆ ತಿಳಿಸುವ ಮುಂಗಡ ರವಾನೆ ಸಂದೇಶವನ್ನು ಇನ್‌ವಾಯ್ಸ್ ಮಾಡಿದ ಕೂಡಲೇ ಕಳಿಸುವ ರೂಢಿ ಇದೆ. ಅದನ್ನು ನಿಲ್ಲಿಸಬೇಕು. ಕಂಟೇನರ್ ತುಂಬುವಾಗ ಕೊನೆಯ ಪ್ಯಾಲೆಟ್ ಹಿಡಿಸದೆ ಉಳಿಯುವುದು ಅಪರೂಪವಲ್ಲ. ಹಾಗಾದರೆ ಅಲ್ಲಿನವರು ಬಾರದ ಪ್ಯಾಲೆಟ್ ಹುಡುಕುತ್ತಾ ಇಡೀ ಸರಕನ್ನು ತಡೆಹಿಡಿಯುತ್ತಾರೆ. ಪ್ರತಿ ಪ್ಯಾಲೆಟ್ ಸ್ಕ್ಯಾನ್ ಆಗಿ, ಕಂಟೇನರ್‌ಗೆ ಸೀಲ್ ಬಿದ್ದ ಮೇಲೆಯೇ ಸಂದೇಶ ಹೋಗಲಿ, ಸೀಲ್ ನಂಬರ್ ಸಹಿತ.

ವೇಳೆಯ ಲೆಕ್ಕವನ್ನು ಯಾರೂ ಮೊದಲೇ ಕೇಳುವುದಿಲ್ಲ. ಸರ್ವರ್ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ವೇಳೆಯಲ್ಲಿ ದಾಖಲಿಸುತ್ತದೆ. ನಾವು ಅದಕ್ಕಿಂತ ಐದೂವರೆ ತಾಸು ಮುಂದೆ. ಏಪ್ರಿಲ್ 1ರ ನಸುಕಿನ 4 ಗಂಟೆಗೆ ಬೆಳಗಾವಿಯಿಂದ ಹೊರಟ ಲಾರಿ ಸರ್ವರಿನಲ್ಲಿ ಮಾರ್ಚ್ 31ರ ಖಾತೆಗೆ, ಅಂದರೆ ಹಿಂದಿನ ಹಣಕಾಸು ವರ್ಷಕ್ಕೆ ಬೀಳುತ್ತದೆ. ವರದಿಗಳು ಆಯಾ ಗೋದಾಮಿನ ಸ್ಥಳೀಯ ದಿನಾಂಕದಲ್ಲಿ ಬರುವಂತೆ ಕೇಳಿ ಪಡೆಯಿರಿ. 03-04 ಎಂಬುದನ್ನು ಅಮೆರಿಕದವರು ಮಾರ್ಚ್ 4 ಎಂದು ಓದುತ್ತಾರೆ, ಜರ್ಮನಿಯವರಿಗೆ 1.250 ಅಂದರೆ ಸಾವಿರದ ಇನ್ನೂರೈವತ್ತು. ಫೈಲುಗಳಲ್ಲಿ ವರ್ಷ-ತಿಂಗಳು-ದಿನ ಕ್ರಮವನ್ನೇ ಬಳಸಿ, ಸಾವಿರವನ್ನು ಬೇರ್ಪಡಿಸುವ ಚುಕ್ಕೆ, ಅಲ್ಪವಿರಾಮ ಹಾಕಲೇಬೇಡಿ.

ಹ್ಯಾಂಡ್‌ಹೆಲ್ಡ್ ಸ್ಕ್ಯಾನರಿನ ಪರದೆ ಕನ್ನಡದಲ್ಲಿರಲಿ, ಮರಾಠಿಯ ಆಯ್ಕೆಯೂ ಇರಲಿ. ವೈಫೈ ಪರೀಕ್ಷೆಯನ್ನು ರ‍್ಯಾಕ್‌ಗಳಲ್ಲಿ ಮಾಲು ತುಂಬಿದಾಗ ಮಾಡಬೇಕು. ಖಾಲಿ ರ‍್ಯಾಕಿನಲ್ಲಿ ಚೆನ್ನಾಗಿ ಬರುವ ಸಿಗ್ನಲ್ ಉಕ್ಕಿನ ರಾಶಿಯ ಹಿಂದೆ ಸತ್ತುಹೋಗುತ್ತದೆ. ಆಗ ಹುಡುಗರು 'ಆಮೇಲೆ ಸ್ಕ್ಯಾನ್ ಮಾಡೋಣ' ಅನ್ನುತ್ತಾರೆ, ಲೆಕ್ಕ ಕೆಡುವುದು ಆ ಆಮೇಲೆಯಲ್ಲೇ.

ಎಲ್ಲ ದೇಶಗಳಲ್ಲೂ ಒಂದೇ ದಿನ ಶುರು ಮಾಡುವ ಯೋಜನೆಗೆ ಒಪ್ಪಬೇಡಿ. ಮೊದಲು ಬೆಳಗಾವಿ, ಆಮೇಲೆ ಹೊರಗಿನ ಅತಿ ಚಿಕ್ಕ ಗೋದಾಮು, ದೊಡ್ಡದು ಕೊನೆಗೆ. ಇದಕ್ಕೆ ಸಮುದ್ರವೇ ಕಾರಣ. ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಿಂದ ಹ್ಯಾಂಬರ್ಗ್ ಮುಟ್ಟಲು ವಾರಗಳೇ ಬೇಕು, ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿದರೆ ಇನ್ನೂ ಹೆಚ್ಚು. ಅಲ್ಲಿ ಶುರುವಾಗುವ ದಿನ ಹಡಗಿನಲ್ಲಿರುವ ಪ್ಯಾಲೆಟ್‌ಗಳಿಗೆ ಹಳೆಯ ಲೇಬಲ್ ಇದ್ದರೆ ಹೊಸ ಸಾಫ್ಟ್‌ವೇರ್ ಅವನ್ನು ಗುರುತಿಸುವುದಿಲ್ಲ. ಆದ್ದರಿಂದ ಅಷ್ಟು ವಾರಗಳ ಮುಂಚೆಯೇ ಇಲ್ಲಿ ಹೊಸ ಲೇಬಲ್ ಶುರುವಾಗಿರಬೇಕು.

ಶುರುವಿನ ಹಿಂದಿನ ದಿನ ಒಳಬರುವ, ಹೊರಹೋಗುವ ಮಾಲೆರಡನ್ನೂ ನಿಲ್ಲಿಸಿ ಎಣಿಸಿ. ಎಣಿಸುವವರಿಗೆ ಹಳೆಯ ಲೆಕ್ಕ ತೋರಿಸಬೇಡಿ. ತೋರಿಸಿದರೆ ಎಣಿಕೆ ಅದಕ್ಕೇ ಹೊಂದಿಕೊಳ್ಳುತ್ತದೆ. ಹಡಗಿನಲ್ಲಿರುವ ಮಾಲನ್ನು 'ದಾರಿಯಲ್ಲಿ' ಎಂಬ ಪ್ರತ್ಯೇಕ ಸ್ಥಳಕ್ಕೆ ಏರಿಸಿ, ಪ್ರತಿ ಕಂಟೇನರ್‌ಗೂ ಹೊಸದರಲ್ಲಿ ರವಾನೆ ದಾಖಲೆ ಸೃಷ್ಟಿಸಿ. ತಪ್ಪಿಸಿಕೊಂಡ ಹಳೆಯ ಲೇಬಲ್‌ನ ಪ್ಯಾಲೆಟ್ ಬಂದರೆ ಅಲ್ಲೇ ಹೊಸ ಲೇಬಲ್ ಮುದ್ರಿಸಲು ಒಂದು ಪ್ರಿಂಟರ್ ಮತ್ತು ಹೊಣೆಯ ಒಬ್ಬರು ಇರಬೇಕು. ಅಂಥ ಕೊನೆಯ ಪ್ಯಾಲೆಟ್ ಇಳಿಯುವವರೆಗೆ ಹಳೆಯ ವ್ಯವಸ್ಥೆಯನ್ನು ಓದಲು ಮಾತ್ರ ತೆರೆದಿಡಿ, ಹೊಸ ದಾಖಲೆಗೆ ಅದರಲ್ಲಿ ಅವಕಾಶ ಕೊಡಬೇಡಿ.